ಕೆರೆ ಮಣ್ಣಿನ ಗರಡಿ

ವರ್ತೂರು,
೨೬ ನವೆಂಬರ್ ೨೦೧೧

ಪ್ರೀತಿಯ ಮಗ ಮುನಿರಾಜನಿಗೆ,

ಹೇಗಿದ್ದೀಯಪ್ಪ? ನಿನ್ನ ಕಾಗದ ಸಿಕ್ಕಿತು. ನಿನ್ನ ಎಡ ಮೊಣಕಾಲು ಈಗ ಹೇಗಿದೆ? ಹುಬ್ಬಳ್ಳಿಯಲ್ಲಿ ಚಳಿ ಬಿದ್ದಿರಬೇಕು, ರೈಲ್ವೆ ಡ್ಯೂಟಿಗೆ ಹೋಗುವಾಗ ಕಾಲಿಗೆ ಬೆಚ್ಚಗೆ ಏನಾದರೂ ಸುತ್ತಿಕೋ. ಶೈಲಾಗೆ ವಾಂತಿ ನಿಂತಿತೇ? ನಿನ್ನನ್ನು ಹೊತ್ತಾಗ ನನಗೂ ಹಾಗೆಯೇ ಆಗಿತ್ತು, ಅನ್ನ ಬೇಯುವ ವಾಸನೆಗೆ ಹಿತ್ತಲಿಗೆ ಓಡುತ್ತಿದ್ದೆ. ಅವಳಿಗೆ ತಿನ್ನು ತಿನ್ನು ಎಂದು ಬಲವಂತ ಮಾಡಬೇಡ, ಕೇಳಿದ್ದನ್ನು ಬೇಜಾರಿಲ್ಲದೆ ತಂದುಕೊಡು. ನಾನು ಪರವಾಗಿಲ್ಲ. ಸಕ್ಕರೆ ಕಾಯಿಲೆ ನಮ್ಮ ಮೇಲಿನ ಮನೆಯ ಬಾಡಿಗೆಯವನ ಹಾಗೆ, ಬಿಟ್ಟೂ ಹೋಗುವುದಿಲ್ಲ, ಜೋರೂ ಮಾಡುವುದಿಲ್ಲ. ನಿನ್ನ ಹಳೆಯ ಮೊಬೈಲಿಗೆ ಮಾಡಿದರೆ ಒಬ್ಬಳು ಹೆಂಗಸು ಮೂರು ಭಾಷೆಯಲ್ಲಿ ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಹೇಳುತ್ತಾಳೆ. ಅಪ್ಪನಿಗೆ ಗೊತ್ತಾಗಬಾರದೆಂದು ಹೊಸ ನಂಬರನ್ನು ನನಗೂ ಕೊಡದೆ ಹೋದ ಜಾಣ ನೀನು. ಅದಕ್ಕೇ ಏಳನೇ ಕ್ಲಾಸಿನ ನನ್ನ ಕೋಳಿಗಾಲಿನ ಅಕ್ಷರವನ್ನು ನೀನು ಓದಬೇಕಾಗಿದೆ.

ಸುದ್ದಿ ಒಳ್ಳೆಯದಲ್ಲ ಮುನಿರಾಜ. ನಮ್ಮ ಗರಡಿಯ ಬಸಲಿಂಗ ನೆನ್ನೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡ. ನೀನು ಅವನನ್ನು ನೋಡಿಲ್ಲ, ನೀನು ಮನೆ ಬಿಟ್ಟ ಮೇಲೆ ಬಂದವನು. ರೋಣದ ಕಡೆಯ ಹುಡುಗ. ಹೊಸ ಅಪಾರ್ಟ್‌ಮೆಂಟುಗಳಿಗೆ ಸೆಂಟ್ರಿಂಗ್ ಕೆಲಸಕ್ಕೆ ಬಂದು, ಕೆರೆ ಏರಿಯ ಆಚೆಯ ತಗಡಿನ ಶೆಡ್ಡುಗಳಲ್ಲಿ ತನ್ನೂರಿನ ನೀಲಪ್ಪನ ಜೊತೆ ಇದ್ದ. ನಮ್ಮೂರಿನ ಹುಡುಗರ ವಿಷಯ ನಿನಗೆ ಗೊತ್ತೇ ಇದೆ. ಜಮೀನು ಮಾರಿ ಬಾಡಿಗೆ ಮನೆ ಕಟ್ಟಿಸಿದ ಮೇಲೆ ಯಾವನಿಗೆ ಬೇಕು ದಂಡೆ, ಬಸ್ಕಿ? ಅಪ್ಪಂದಿರು ಕೊಡಿಸಿದ ಬೈಕಿನ ಮೇಲೆ ಕೂತು ಗರಡಿಯ ಮುಂದೆಯೇ ಹಾರನ್ ಬಾರಿಸುತ್ತಾ ಹೋಗುತ್ತಾರೆ, ಒಳಗೆ ಇಣುಕುವುದಿಲ್ಲ. ನೀನು ಮನೆ ಬಿಟ್ಟ ವರ್ಷ ಗರಡಿಯ ಬಾಗಿಲು ತೆಗೆಯುವವರೇ ಇಲ್ಲದೆ ನಿಮ್ಮಪ್ಪ ಒಬ್ಬರೇ ಆಂಜನೇಯನಿಗೆ ದೀಪ ಹಚ್ಚಿ, ಖಾಲಿ ಅಖಾಡದ ಮುಂದೆ ಕೂತು ಎದ್ದು ಬರುತ್ತಿದ್ದರು. ಒಂದು ಸಂಜೆ ಈ ಬಸಲಿಂಗ ಮೈತುಂಬ ಸಿಮೆಂಟು ಹತ್ತಿಸಿಕೊಂಡು ಬಾಗಿಲಲ್ಲಿ ನಿಂತು, ಚಪ್ಪಲಿ ಬಿಟ್ಟು, ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡನಂತೆ. ಆ ರಾತ್ರಿ ನಿಮ್ಮಪ್ಪ ಎರಡು ಮುದ್ದೆ ಉಂಡರು. ಮುಂದೆ ಅವನೇ ಶೆಡ್ಡಿನಿಂದ ಇನ್ನೂ ಹುಡುಗರನ್ನು ಕರೆತಂದ.

ನನ್ನ ಕೈಯ ರಾಗಿ ಮುದ್ದೆಯನ್ನು ಅವನು ಮೊದಲ ಸಲ ಉಂಡ ದಿನ ನೆನಪಿದೆ. ಜೋಳದ ರೊಟ್ಟಿಯವನು, ಪಾಪ, ಅಗಿಯಲು ನೋಡಿದ. ನಾನು ನಕ್ಕರೆ ಅವನೂ ನಕ್ಕು, "ಇದು ನುಂಗೂದೇನ್ರೀ ಅವ್ವಾರ, ಮತ್ತ ಹಲ್ಲು ಯಾಕ ಕೊಟ್ಟಾನ ದೇವ್ರು" ಎಂದ. ಆಮೇಲೆ ಎಷ್ಟು ಒಗ್ಗಿತೆಂದರೆ ಗರಡಿ ಮುಗಿಸಿ ಹಿತ್ತಲ ಬಾಗಿಲಿಗೆ ಬಂದು ತಾನೇ ತಟ್ಟೆ ತೆಗೆದುಕೊಳ್ಳುತ್ತಿದ್ದ. ನಿನ್ನ ತಟ್ಟೆಯನ್ನೇ ಕೊಟ್ಟಿದ್ದೆ, ಬೇಸರ ಮಾಡಿಕೊಳ್ಳಬೇಡ.

ನೀನು ಮನೆ ಬಿಟ್ಟದ್ದು ಮಣ್ಣಿನ ಜಗಳಕ್ಕೇ ಅಲ್ಲವೇ. ಹೋದ ವರ್ಷದ ಬೇಸಿಗೆಯಲ್ಲಿ ಅಖಾಡಕ್ಕೆ ಹೊಸ ಮಣ್ಣು ಹಾಕುವ ಹೊತ್ತಿಗೆ, ಕೆರೆಯ ಗೋಡು ಮಣ್ಣು ಬೇಡ, ಮಾಲೂರಿನಿಂದ ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ತರಿಸೋಣ ಎಂದು ನೀನು ಹೇಳಿದೆ. "ಹೊರಗಿನ ಮಣ್ಣು ಹಾಕಿದ್‌ಮ್ಯಾಲೆ ಅದು ವರ್ತೂರು ಗರಡಿ ಎಂಗಾಯ್ತದೆ? ನಮ್ ತಾತ ಬಿದ್ದೆದ್ದಿದ್ದೂ ಈ ಕೆರೆ ಮಣ್ಣಲ್ಲೇ, ನಾನು ಬಿದ್ದೆದ್ದಿದ್ದೂ ಇದ್ರಲ್ಲೇ" ಎಂದು ನಿಮ್ಮಪ್ಪ ಕೂಗಿದರು. ನೀನೂ ಕೂಗಿದೆ. ಇಬ್ಬರದೂ ಒಂದೇ ಗಂಟಲು. ನೀನು ಸರ್ಟಿಫಿಕೇಟುಗಳ ಚೀಲ ಹಿಡಿದು ರೈಲ್ವೆ ಕೆಲಸಕ್ಕೆ ಹೊರಟೆ, ಅವರು ಕೆರೆಗೆ ಹೊರಟರು.

ಮೊದಲೆಲ್ಲ ಬೇಸಿಗೆಗೆ ಕೆರೆ ಬತ್ತಿ, ಅಂಗಳದ ಗೋಡು ಬಿರುಕು ಬಿಟ್ಟು ಹೆಂಚಿನ ಹಾಗೆ ಎದ್ದು ಬರುತ್ತಿತ್ತು. ಈಗ ನಮ್ಮ ಕೆರೆ ಬತ್ತುವುದೇ ಇಲ್ಲ. ಇಡೀ ಬೆಂಗಳೂರಿನ ಬಚ್ಚಲು ನೀರು, ಕಕ್ಕಸು ನೀರು ವರ್ಷವಿಡೀ ಬಂದು ಬೀಳುವಾಗ ಬತ್ತುವುದಾದರೂ ಹೇಗೆ? ಈ ಬೇಸಿಗೆಯಲ್ಲಿ ನಿಮ್ಮಪ್ಪ ಮತ್ತು ಹುಡುಗರು ಅಂಚಿನಲ್ಲಿ ನಿಂತು ಸಲಿಕೆಯಲ್ಲಿ ಎಳೆದು ಹಾಕಿದ್ದು ಮಣ್ಣೋ ಕೊಚ್ಚೆಯೋ ಆ ದೇವರಿಗೇ ಗೊತ್ತು. ಎಮ್ಮೆಯ ಬಣ್ಣ. ಖಾಲಿ ಸೈಟಿನಲ್ಲಿ ಒಣಗಲು ಹರಡಿದರೆ ಪಕ್ಕದ ಅಪಾರ್ಟ್‌ಮೆಂಟಿನವರು ವಾಸನೆ ತಡೆಯಲಾರದೆ ಪೊಲೀಸರಿಗೆ ಫೋನ್ ಮಾಡಿದರು. ನಿಮ್ಮಪ್ಪ ಸುಮ್ಮನಾಗುತ್ತಾರೆಯೇ? ವಾಡಿಕೆಗಿಂತ ಎರಡರಷ್ಟು ಅರಿಶಿನ, ಕರ್ಪೂರ, ಬೇವಿನ ಪುಡಿ, ಎಳ್ಳೆಣ್ಣೆ ಸುರಿದು ಜರಡಿ ಹಿಡಿದರು. ಬಿಸಿಲಿಗೆ ಹಾಕಿ ತಿರುವಿದರು. ಕೊನೆಗೆ ವಾಸನೆ ಹೋಯಿತು. ವಾಸನೆ ಹೋಯಿತು ಎಂದರೆ ಮಣ್ಣು ಶುದ್ಧವಾಯಿತು ಎಂದುಕೊಂಡರು, ನಾನೂ ಹಾಗೆಯೇ ಅಂದುಕೊಂಡೆ. ಅದನ್ನು ಅಖಾಡಕ್ಕೆ ಸುರಿದ ದಿನ ಆಂಜನೇಯನಿಗೆ ವಡೆ ಹಾರ ಹಾಕಿಸಿದೆವು.

ಮಳೆಗಾಲದ ಹೊತ್ತಿಗೆ ಹುಡುಗರೆಲ್ಲ ಮೈ ಕೆರೆದುಕೊಳ್ಳಲು ಶುರು ಮಾಡಿದರು. ಗರಡಿಯ ಟವೆಲು, ಲಂಗೋಟಿಗಳನ್ನು ಒಗೆದು ನನ್ನ ಬೆರಳ ಸಂದಿ ಕೂಡ ಸೀಳಿತು. ನಿಮ್ಮಪ್ಪನಿಗೆ ತೋರಿಸಿದರೆ ಸೋಪು ಬದಲಾಯಿಸು ಎಂದರು. ಬಸಲಿಂಗನ ಭುಜದ ಮೇಲೆ ಒಂದು ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದಿತು. ಪೈಲ್ವಾನನ ಮೈ ತರಚುವುದು ಇದ್ದದ್ದೇ, ತರಚಿದ ಕಡೆ ಅದೇ ಮಣ್ಣು ಉಜ್ಜುವುದು ನಮ್ಮ ಗರಡಿಯ ಔಷಧ, ನಿನಗೂ ಚಿಕ್ಕಂದಿನಲ್ಲಿ ಉಜ್ಜಿದ್ದಾರೆ. ಅವನಿಗೂ ನಿಮ್ಮಪ್ಪ ಉಜ್ಜಿದರು. ಡಾಕ್ಟರಿಗೆ ತೋರಿಸು ಎಂದು ನಾನು ಬಾಯಿ ಬಡಿದುಕೊಂಡರೆ ಅವನು, "ವಸ್ತಾದರ ಕೈಯಾಗಿನ ಮಣ್ಣು ಹತ್ತೇತ್ರಿ ಅವ್ವಾರ, ಏನೂ ಆಗೂದಿಲ್ಲ ಬಿಡ್ರೀ" ಎನ್ನುತ್ತಿದ್ದ. ಗುರುವಿನ ಮೇಲೆ ಅಂಥ ನಂಬಿಕೆ ಅವನಿಗೆ. ನೀನು ಅಪ್ಪನ ಮಾತನ್ನು ಅದರಲ್ಲಿ ಕಾಲುಭಾಗವಾದರೂ ಕೇಳಿದ್ದರೆ ಎಂದು ಆಗೆಲ್ಲ ಅನ್ನಿಸುತ್ತಿತ್ತು. ಕೇಳದೆ ಹೋದದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತಿದೆ.

ಈ ಸಲ ರಾಜ್ಯೋತ್ಸವಕ್ಕೆ ಸ್ಕೂಲು ಮೈದಾನದಲ್ಲಿ ಕುಸ್ತಿ ಇಟ್ಟಿದ್ದರು. ಆನೇಕಲ್ಲಿನವರು ನಮ್ಮವರ ಬೆನ್ನನ್ನು ಎಷ್ಟು ವರ್ಷದಿಂದ ಮಣ್ಣು ಮಾಡುತ್ತಾ ಬಂದಿದ್ದಾರೆ, ನಿನಗೆ ಹೇಳಬೇಕೇ. ಬಸಲಿಂಗನಿಗೆ ಆ ದಿನ ಬೆಳಗಿನಿಂದಲೇ ಮೈ ಬಿಸಿ ಇತ್ತು. ಭುಜಕ್ಕೆ ಬಟ್ಟೆ ಸುತ್ತಿಕೊಂಡು ಇಳಿದ. ಆನೇಕಲ್ಲಿನ ಹುಡುಗ ಒಳ್ಳೆಯ ಜಟ್ಟಿ, ಆ ಭುಜವನ್ನೇ ಹುಡುಕಿ ಹುಡುಕಿ ಹಿಡಿಯುತ್ತಿದ್ದ. ಇವನು ಒಂದು ಸಲವೂ ಮುಖ ಕಿವುಚಲಿಲ್ಲ. ಕೊನೆಗೆ ಸೊಂಟಕ್ಕೆ ಕೈ ಹಾಕಿ ಎತ್ತಿ ಕೆಡವಿ ಎದೆಯ ಮೇಲೆ ಕೂತ. ಇಡೀ ಮೈದಾನ ಎದ್ದು ನಿಂತಿತು. ಶೆಡ್ಡಿನವರು, ಶೆಡ್ಡಿನವರು ಎಂದು ಮೂಗು ಮುರಿಯುತ್ತಿದ್ದ ನಮ್ಮ ಬೈಕಿನ ವೀರರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮಾರನೆಯ ದಿನವೇ ಬಸ್ ಸ್ಟಾಪಿನಲ್ಲಿ ಫ್ಲೆಕ್ಸು, 'ವರ್ತೂರಿನ ಹೆಮ್ಮೆಯ ಹುಲಿ' ಎಂದು. ನಿಮ್ಮಪ್ಪ ಬಹುಮಾನದ ಬೆಳ್ಳಿ ಗದೆ ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. ಅವರು ಅತ್ತದ್ದನ್ನು ನಮ್ಮ ಮದುವೆಯಾದ ಮೇಲೆ ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಜ್ವರ ಇಳಿಯಲೇ ಇಲ್ಲ. ಭುಜ ಊದಿ ಕುತ್ತಿಗೆ ತಿರುಗಿಸಲಾಗದಂತಾಯಿತು. ನೀಲಪ್ಪ ಮತ್ತು ನಾನು ಆಟೋದಲ್ಲಿ ಕರೆದುಕೊಂಡು ಹೋದೆವು. ಆ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಗಾಯ ನೋಡಿದ ತಕ್ಷಣ ಇವನು ಎಲ್ಲಿ ಹೊರಳಾಡಿದ್ದು, ಯಾವ ಮಣ್ಣು ಎಂದು ಕೇಳಿದಳು. ಹೇಳಿದೆ. ಕೂಡಲೇ ಅಡ್ಮಿಟ್ ಮಾಡಿಸಿಕೊಂಡಳು. ಸಂಜೆ ನಿಮ್ಮಪ್ಪ ಬಂದ ಮೇಲೆ ನಮ್ಮಿಬ್ಬರನ್ನೇ ಪಕ್ಕಕ್ಕೆ ಕರೆದು, ತರಚು ಗಾಯದಿಂದ ಕೊಳಚೆಯ ನಂಜು ರಕ್ತಕ್ಕೆ ಏರಿದೆ, ಇನ್ನು ಯಾರೂ ಆ ಮಣ್ಣಿಗೆ ಇಳಿಯಬಾರದು ಎಂದಳು. ನಿಮ್ಮಪ್ಪ ಕೈ ಕಟ್ಟಿ ನಿಂತು ಕೇಳಿಸಿಕೊಂಡರು. ಹೊರಗೆ ಬಂದು, "ಮಣ್ಣಿಗೆ ಇಸ ಅಂತಾಳಲ್ಲ ಆಯಮ್ಮ, ಮಣ್ಣು ತಾಯಿ ಕಣೇ" ಎಂದರು. ನನಗೆ ಸಿಟ್ಟು ಬಂತು, ಆದರೆ ಅವರ ಮುಖ ನೋಡಿ ಔಷಧಿ ಚೀಟಿ ಹಿಡಿದು ಅಂಗಡಿ ಕಡೆ ನಡೆದೆ.

ಅವನ ತಾಯಿ ಮಲಕವ್ವ, ತಮ್ಮ ಮುತ್ತಣ್ಣ ಊರಿನಿಂದ ಬಂದಾಗ ಅವನಿಗೆ ಎಚ್ಚರವಿರಲಿಲ್ಲ. ಗಂಡನಿಲ್ಲದ ಹೆಂಗಸು, ಕೂಲಿ ಮಾಡಿ ಇಬ್ಬರು ಗಂಡುಮಕ್ಕಳನ್ನು ಸಾಕಿದವಳು. ಅಣ್ಣತಮ್ಮಂದಿರಿಬ್ಬರೂ ಮೊದಲು ಪಟ್ಟು ಕಲಿತದ್ದು ತಮ್ಮೂರಿನ ಗರಡಿಯಲ್ಲೇ ಅಂತೆ. ಮುತ್ತಣ್ಣ ಈಗಲೂ ಹೋಗುತ್ತಾನೆ. ಅಣ್ಣನದೇ ಭುಜ, ಅಣ್ಣನದೇ ನಡಿಗೆ, ಅವನು ಆಸ್ಪತ್ರೆಯ ಬಾಗಿಲಿಂದ ಬರುವುದನ್ನು ಕಂಡು ಒಂದು ಗಳಿಗೆ ನನ್ನ ಜೀವ ಹಾರಿತು. ಜ್ವರ ತಲೆಗೇರಿತು ಎಂದಷ್ಟೇ ಅವರಿಗೆ ಹೇಳಿದ್ದೇವೆ. ಮಲಕವ್ವ ನನ್ನ ಕೈ ಹಿಡಿದುಕೊಂಡು, "ನನ್ ಮಗಾ ನಿಮ್ಮ ಮನ್ಯಾಗ ಉಂಡಾನಂತ ಯವ್ವಾ, ನಿನ್ನ ಋಣ ಹೆಂಗ ತೀರಸಲಿ" ಎಂದಳು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಇವತ್ತು ಬೆಳಿಗ್ಗೆ ಊರಿಗೆ ಸಾಗಿಸುವ ಮುಂಚೆ ದೇಹವನ್ನು ಗರಡಿಗೆ ತಂದರು. ಆಸ್ಪತ್ರೆಯ ಕಡೆ ಒಬ್ಬನೂ ತಲೆ ಹಾಕದ ನಮ್ಮೂರಿನ ಜನ ಆಗ ತುಂಬಿಕೊಂಡರು. ವ್ಯಾನು ಬರುವ ಮೊದಲೇ ಶ್ರದ್ಧಾಂಜಲಿಯ ಫ್ಲೆಕ್ಸು ಬಂದಿತ್ತು. ಅದರಲ್ಲಿ ಬಸಲಿಂಗನ ಮುಖ ಒಂದು ಅಂಗೈಯಷ್ಟು, ಕೈಮುಗಿದು ನಿಂತ ನಮ್ಮ ಮುಖಂಡರ ಮುಖಗಳು ಒಂದೊಂದೂ ಮೊರದಷ್ಟು. ಮಲಕವ್ವನಿಗೆ ಬವಳಿ ಬಂದು ನಾನು ಅವಳನ್ನು ಒಳಗೆ ಕರೆದುಕೊಂಡು ಹೋಗಿ ನೀರು ಕುಡಿಸಿ ಕೂತಿದ್ದೆ. ನೀಲಪ್ಪನೂ ಅವರ ಜೊತೆ ಹೋದ. ವ್ಯಾನು ಹೋದ ಮೇಲೆ ನಿಮ್ಮಪ್ಪ ಗರಡಿಯ ಜಗಲಿಯಲ್ಲಿ ಕೂತವರು ಇನ್ನೂ ಎದ್ದಿಲ್ಲ. ಬೆಳಗಿನಿಂದ ಒಂದು ಲೋಟ ಕಾಫಿಯೂ ಒಳಗೆ ಹೋಗಿಲ್ಲ.

ನಿನ್ನಲ್ಲಿ ಕೇಳುವುದು ಇಷ್ಟೇ. ಅವರಿಗೆ ಎರಡು ಸಾಲು ಬರಿ. ನಾನು ಆಗಲೇ ಹೇಳಿರಲಿಲ್ಲವೇ ಎಂದು ಮಾತ್ರ ಬರೆಯಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ಆ ಮಾತು ಅವರ ಒಳಗೆ ಆಗಲೇ ಹೊಕ್ಕಿದೆ ಎಂದು ನನಗನ್ನಿಸುತ್ತದೆ, ಬಾಯಿಂದ ಬರುತ್ತಿಲ್ಲ ಅಷ್ಟೆ. ಗರಡಿ ಮುಚ್ಚಿಸುವುದೋ ಮಣ್ಣು ತೆಗೆಸುವುದೋ ನಾನು ಮಾಡಿಸುತ್ತೇನೆ, ಹುಡುಗರು ಯಾರೂ ಇಳಿಯದ ಹಾಗೆ ಇವತ್ತೇ ಬೀಗ ಹಾಕುತ್ತೇನೆ. ನೀನು ಮಗನಾಗಿ ಹೇಗಿದ್ದೀರಿ ಎಂದು ಕೇಳು. ಅಷ್ಟು ಸಾಕು.

ಶೈಲಾಗೆ ನನ್ನ ಪ್ರೀತಿ ಹೇಳು, ಹೊಟ್ಟೆಯಲ್ಲಿರುವ ಕೂಸಿಗೂ ಅಜ್ಜಿಯ ಹರಕೆ ಮುಟ್ಟಿಸು. ಆಂಜನೇಯ ನಿಮ್ಮ ಮೂವರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಕೃಷ್ಣಮ್ಮ

ಮುನಿರಾಜ, ಕಾಗದ ಮಡಚಿ ಗರಡಿಗೆ ಬೀಗ ಹಾಕಲು ಹೋಗಿದ್ದೆ. ಅಖಾಡದ ನಡುವೆ ದೊಡ್ಡ ಗುಂಡಿ ಬಿದ್ದಿದೆ. ನಿಮ್ಮಪ್ಪನನ್ನು ಕೇಳಿದರೆ, ಎರಡು ಮೂಟೆ ಮಣ್ಣು ತುಂಬಿ ಬಸಲಿಂಗನ ಕಾಲ ಬಳಿ ವ್ಯಾನಿನಲ್ಲಿ ಇಟ್ಟು ಕಳಿಸಿದೆ ಎಂದರು. ನೆನ್ನೆ ಸಂಜೆ ಮಲಕವ್ವನೇ ಕೇಳಿದ್ದಳಂತೆ, "ನನ್ ಮಗಾ ಪೈಲ್ವಾನ ಆದ ಮಣ್ರೀ, ನಮ್ಮೂರ ಗರಡಿಗೂ ಇರಲಿ" ಎಂದು. ಹನ್ನೊಂದನೇ ದಿನ, ಅವರ ಶಿವಗಣಾರಾಧನೆ ಮುಗಿಸಿ ಅದನ್ನು ಅಲ್ಲಿನ ಅಖಾಡಕ್ಕೆ ಬೆರೆಸುತ್ತಾರಂತೆ. ವ್ಯಾನಿನಲ್ಲಿದ್ದ ನೀಲಪ್ಪನಿಗೆ ಕೂಡಲೇ ಫೋನ್ ಮಾಡಿ ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಅವನು ನಂಬಲಿಲ್ಲ. "ವಸ್ತಾದರು ಕೈಯಾರೆ ಕೊಟ್ಟಾರ ಅವ್ವಾರ, ನಮಗದು ದೇವ್ರ ಭಂಡಾರ ಇದ್ದಂಗ, ಹೆಂಗ ಚೆಲ್ಲೂದ್ರೀ" ಎಂದ. ಮಣ್ಣು ಕೊಡಲು ನನಗೆ ಹೊಟ್ಟೆಯುರಿ ಎಂದುಕೊಂಡನೋ ಏನೋ, ಆಮೇಲೆ ಫೋನ್ ಎತ್ತುತ್ತಿಲ್ಲ. ನಿಮ್ಮಪ್ಪನನ್ನು ಮಾತಾಡಿ ಎಂದರೆ ಗೋಡೆ ಕಡೆ ತಿರುಗಿ ಕೂತರು. ಊರಿನ ಹೆಸರು ಲಕೋಟೆಯ ಹಿಂದೆ ಬರೆದಿದ್ದೇನೆ, ಗದಗಿನ ಮೇಲೆ ರೋಣಕ್ಕೆ ಹೋಗಿ ಕೇಳು. ಇದನ್ನು ಕೊರಿಯರ್‌ನಲ್ಲಿ ಹಾಕುತ್ತಿದ್ದೇನೆ, ಸಿಕ್ಕ ದಿನವೇ ಹೊರಡು, ರಜೆ ಕೊಡದಿದ್ದರೂ ಹೊರಡು. ನೀನು ವಸ್ತಾದರ ಮಗ, ಪೈಲ್ವಾನ, ನೀನು ಹೇಳಿದರೆ ಕೇಳುತ್ತಾರೆ. ಮಲಕವ್ವನಿಗೆ ಕಾರಣ ಹೇಳದೆ ಆ ಮಣ್ಣನ್ನು ಹೂಳಿಸಲು ಆದರೆ ಹೇಳಬೇಡ. ಆಗದಿದ್ದರೆ ಅವಳ ಮಗ ಹೋದದ್ದು ಅದರಿಂದಲೇ ಎಂದು, ನಿಮ್ಮಪ್ಪನ ಹೆಸರು ಹಿಡಿದೇ ಹೇಳಿಬಿಡು, ನಮ್ಮ ಮರ್ಯಾದೆ ನೋಡಬೇಡ. ಬೆರೆಸಿದ ದಿನ ಮೊದಲು ಅದಕ್ಕೆ ಇಳಿಯುವವನು ಮುತ್ತಣ್ಣನಂತೆ.