ಗೋಧಿಯ ಮೇಲೆ ಗೋಧಿ: ಇಲಿ ನಿಯಂತ್ರಣಾಧಿಕಾರಿಗಳಿಗೆ ಒಂದು ಗಿರಣಿಯಿಂದ

ಮನೆ ಬಾಗಿಲಿಗೆ ವಿಷ ತಲುಪಿಸಿದ ಮಾನ್ಯರೇ,

ನೀವು ಹಂಚಿಸಿದ ಇಲಿ ಪಾಷಾಣದಿಂದ ನಮ್ಮ ಓಣಿಯಲ್ಲಿ ಸತ್ತದ್ದು ನನ್ನ ಬೆಕ್ಕು. ಆಸ್ಪತ್ರೆ ಸೇರಿದ್ದು ಏಳು ವರ್ಷದ ಹುಡುಗಿ. ಇಲಿಗಳು ನಿಮ್ಮ ದಯೆಯಿಂದ ಕ್ಷೇಮವಾಗಿವೆ. ಮೊದಲ ಸುತ್ತು ಇಷ್ಟು ಯಶಸ್ವಿಯಾದ್ದರಿಂದ ಬರುವ ಸೋಮವಾರ ಎರಡನೇ ಸುತ್ತು ನಡೆಯಲಿದೆ ಎಂದು ನಿಮ್ಮ ಧ್ವನಿವರ್ಧಕದ ಗಾಡಿ ನಿನ್ನೆ ಮುಖ್ಯ ರಸ್ತೆಯಲ್ಲಿ ಕೂಗಿಕೊಂಡು ಹೋಯಿತು. ಅದನ್ನು ನಿಲ್ಲಿಸಿ ಎಂದು ಕೇಳುವುದಕ್ಕೆ ಈ ಪತ್ರ.

ಪತ್ರ ಕನ್ನಡದಲ್ಲಿದೆಯಲ್ಲ ಎಂದು ನೀವು ಹುಬ್ಬೇರಿಸಬಹುದು. ಮರಾಠಿ ನನಗೆ ಚೆನ್ನಾಗಿಯೇ ಬರುತ್ತದೆ. ಆ ಭಾಷೆಯಲ್ಲಿಯೇ ನಿಮ್ಮ ಕಚೇರಿಗೆ ಬಂದು ಎಲ್ಲ ಹೇಳಿದ್ದೂ ಆಯಿತು. ಆಗ ನೀವು ಹೇಳಿದ್ದಿಷ್ಟು: "ಪ್ಯಾಕೆಟ್ ಮೇಲೆ ಎಚ್ಚರಿಕೆ ಅಚ್ಚಾಗಿದೆಯಲ್ಲ ತಾಯಿ, ಜನ ಓದಿಕೊಳ್ಳಬೇಕು." ಆ ಎಚ್ಚರಿಕೆ ಇದ್ದದ್ದು ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ. ಇಟ್ಟದ್ದು ಯಾದಗಿರಿ ಕಡೆಯಿಂದ ಇಟ್ಟಿಗೆ ಹೊರಲು ಬಂದವರ ಹೊಸ್ತಿಲ ಮೇಲೆ. ಅದನ್ನು ಅವರು ಓದಿಕೊಳ್ಳಬೇಕಿತ್ತು ಎನ್ನುವುದಾದರೆ, ಇದನ್ನು ನೀವು ಓದಿಕೊಳ್ಳಬೇಕು ಎನ್ನುವುದರಲ್ಲಿ ಏನು ತಪ್ಪು? ಅಕ್ಷರ ದೊಡ್ಡದಾಗಿಯೇ ಇದೆ. ಓದಿ ಹೇಳುವವರು ಬೇಕಾದರೆ ನಿಮ್ಮ ಕಚೇರಿಯ ಹೊಸ ಕಟ್ಟಡದ ಗೋಡೆಗೆ ಗಾರೆ ಗಿಲಾಯಿ ಮಾಡುತ್ತಿರುವ ಗೌಂಡಿಗಳನ್ನು ಕೇಳಿ, ಅವರಲ್ಲಿ ಅರ್ಧ ಜನ ನಮ್ಮ ಕಡೆಯವರೇ.

ನಾನು ಭುವನೇಶ್ವರಿ, ಪುಣೆಯ ಯೆರವಡಾದಲ್ಲಿ ಹಿಟ್ಟಿನ ಗಿರಣಿ ನಡೆಸುವವಳು. ಕಲಬುರಗಿಯಲ್ಲಿ ಬಿ.ಎ. ಮುಗಿಸಿ ಟೀಚರಾಗುತ್ತೇನೆಂದು ಕನಸು ಕಾಣುತ್ತಿದ್ದವಳು ಮದುವೆಯಾಗಿ ಈ ಊರಿಗೆ ಬಂದೆ, ಗಿರಣಿಯ ಚಕ್ರಕ್ಕೆ ಪಟ್ಟೆ ಏರಿಸುವುದನ್ನು ಕಲಿತೆ. ಇಲಿ ನನ್ನ ನೆಂಟನಲ್ಲ. ಹಿಟ್ಟಿನ ನಡುವೆ ಬದುಕುವವರಿಗೆ ಇಲಿ ಎಂದರೆ ಏನೆಂದು ನೀವು ನನಗೆ ಕಲಿಸಬೇಕಾಗಿಲ್ಲ. ಆದರೂ ಇಷ್ಟು ವರ್ಷ ನನ್ನ ಗಿರಣಿಯೊಳಗೆ ಒಂದು ಚಿಟಿಕೆ ಪಾಷಾಣ ಬಂದಿರಲಿಲ್ಲ. ಊರವರ ಅನ್ನ ಬೀಸುವ ಜಾಗದಲ್ಲಿ ವಿಷ ಇಡಬಾರದು ಎನ್ನುವುದಕ್ಕೆ ಬಿ.ಎ. ಕೂಡ ಬೇಕಾಗುವುದಿಲ್ಲ. ಬಾಗಿಲ ಅಡಿಗೆ ತಗಡು ಬಡಿಸಿದ್ದೇನೆ. ಗೋಡೆಯ ತೂತುಗಳಿಗೆ ತಂತಿಜಾಳಿಗೆ ತುರುಕಿ ಸಿಮೆಂಟ್ ಮೆತ್ತಿಸಿದ್ದೇನೆ. ಗಿರಣಿ ಮುಚ್ಚುವಾಗ ಉದುರಿದ ಹಿಟ್ಟನ್ನು ಗುಡಿಸಿ ಮುಚ್ಚಳದ ಡ್ರಮ್ಮಿಗೆ ತುಂಬುತ್ತೇನೆ. ತಿನ್ನಲು ಸಿಗದ ಜಾಗದಲ್ಲಿ ಇಲಿ ಯಾಕೆ ಸಂಸಾರ ಹೂಡುತ್ತದೆ? ಎಲ್ಲೋ ಒಂದೆರಡು ಬಂದರೆ ನೋಡಿಕೊಳ್ಳಲು ಫೌಜದಾರ ಇದ್ದ. ಫೌಜದಾರ ಎಂದರೆ ನನ್ನ ಬೆಕ್ಕು. ಕಿವಿ ಹರಿದ ಬೂದು ಬಣ್ಣದ ಗಂಡು ಬೆಕ್ಕು, ಮಹಾ ಸೋಮಾರಿ. ಆದರೆ ಅವನ ವಾಸನೆ ಇದ್ದರೆ ಸಾಕು, ಇಲಿಗಳು ದೂರ ಇರುತ್ತಿದ್ದವು.

ಓಣಿಯವರು ಬೋನು ಇಡುತ್ತಾರೆ. ಬೋನಿಗೆ ಬಿದ್ದ ಇಲಿಯನ್ನು ಕೊಲ್ಲಲು ಕೈ ಬಾರದೆ ಬೆಳಗ್ಗೆ ಹೋಗಿ ಪಕ್ಕದ ಓಣಿಯಲ್ಲಿ ಬಿಟ್ಟು ಬರುತ್ತಾರೆ. ಪಕ್ಕದ ಓಣಿಯವರು ತಮ್ಮ ಇಲಿಯನ್ನು ತಂದು ನಮ್ಮ ಓಣಿಯಲ್ಲಿ ಬಿಡುತ್ತಾರೆ. ಹೀಗಾಗಿ ನಮ್ಮ ಇಲಿಗಳಷ್ಟು ಪುಣೆ ಸುತ್ತಿದವರು ನಮ್ಮಲ್ಲಿ ಯಾರೂ ಇಲ್ಲ. ಇದು ಶುದ್ಧ ಪೆದ್ದುತನ, ಒಪ್ಪುತ್ತೇನೆ. ಆದರೆ ಮಾನ್ಯರೇ, ನಮ್ಮ ಪೆದ್ದುತನದಿಂದ ಯಾವ ಮಗುವಿನ ರಕ್ತವೂ ನೀರಾಗಿರಲಿಲ್ಲ. ಅದಕ್ಕೆ ನಿಮ್ಮ ಜಾಣತನವೇ ಬೇಕಾಯಿತು.

ನಿಮ್ಮ ಸಿಬ್ಬಂದಿ ಬಂದದ್ದು ನಡುಮಧ್ಯಾಹ್ನ. ಆ ಹೊತ್ತಿಗೆ ಓಣಿಯ ಹೆಂಗಸರು ಗಂಡಸರು ಎಲ್ಲ ಖರಾಡಿಯಲ್ಲಿ ಮುಗಿಲೆತ್ತರದ ಕಟ್ಟಡಗಳ ಮೇಲೆ ಕಾಂಕ್ರೀಟ್ ಹಾಕುತ್ತಿರುತ್ತಾರೆ. ಮನೆಯಲ್ಲಿರುವವರು ಮುದುಕರು, ಮಕ್ಕಳು. ಮುಖಕ್ಕೆ ಮಾಸ್ಕು, ಮೊಣಕೈತನಕ ಕೈಗವಸು ತೊಟ್ಟವರು ಸಾಲಾಗಿ ಬಂದು, ಒಂದೊಂದು ಹೊಸ್ತಿಲ ಮೇಲೆ ಒಂದೊಂದು ಪ್ಯಾಕೆಟ್ ಇಟ್ಟು, ಫೋಟೋ ತೆಗೆದುಕೊಂಡು ಮುಂದಕ್ಕೆ ಹೋದರು. ಮುಟ್ಟುವವರಿಗೆ ಕೈಗವಸು ಬೇಕಾದ ವಸ್ತುವನ್ನು ಅಂಬೆಗಾಲಿಡುವ ಮಕ್ಕಳಿರುವ ಬಾಗಿಲಲ್ಲಿ ಇಡಬಾರದು ಎಂದು ಅವರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲವೇ? ಇದು ಇಲಿ ಔಷಧಿ, ದೂರ ಇರಿ ಎಂದು ಒಂದು ಮಾತು ಹೇಳುವುದಕ್ಕೆ ಆ ಮಾಸ್ಕು ಅಷ್ಟೊಂದು ಅಡ್ಡ ಬಂತೇ? ಫೋಟೋ ಮಾತ್ರ ಚೆನ್ನಾಗಿ ಬಂದಿರಬೇಕು. ನಿಮ್ಮ ಕಚೇರಿಯ ಗೋಡೆಯ ಮೇಲೆ ನೋಡಿದೆ.

ಪ್ಯಾಕೆಟ್ಟಿನಲ್ಲಿದ್ದದ್ದು ಕೆಂಪು ಬಣ್ಣ ಹಚ್ಚಿದ ಗೋಧಿ. ತಿಂದ ಪ್ರಾಣಿ ಆ ಕ್ಷಣಕ್ಕೆ ಸಾಯುವುದಿಲ್ಲ, ಏನೂ ಆಗದ ಹಾಗೆ ಓಡಾಡಿಕೊಂಡಿರುತ್ತದೆ. ರಕ್ತ ಹೆಪ್ಪುಗಟ್ಟುವುದು ನಿಂತು, ಒಳಗೊಳಗೇ ಸೋರಿ, ದಿನಗಟ್ಟಲೆ ನರಳಿ ಸಾಯುತ್ತದೆ. ಉಳಿದ ಇಲಿಗಳಿಗೆ ಅನುಮಾನ ಬರಬಾರದೆಂದು ಹೀಗೆ ನಿಧಾನವಾಗಿ ಕೊಲ್ಲುವಂತೆ ತಯಾರಿಸುತ್ತಾರಂತೆ. ಇದೇ ಊರು ಗಣಪತಿಯ ಮುಂದಿರುವ ಇಲಿಯ ಕಿವಿಯಲ್ಲಿ ತನ್ನ ಬೇಡಿಕೆ ಉಸುರುತ್ತದೆ. ಬೇಡುವಾಗ ಕಿವಿ ಬೇಕು, ಆಮೇಲೆ ಬಾಯಿಗೆ ವಿಷ. ಇಲಿಗೆ ನೋವಾಗುತ್ತದೆಯೇ ಎಂದು ನಿಮ್ಮನ್ನು ಕೇಳಿದರೆ ನಗುತ್ತೀರಿ, ಆದ್ದರಿಂದ ಕೇಳುವುದಿಲ್ಲ. ನನ್ನ ಫೌಜದಾರ ಆ ವಿಷ ತಿಂದ ಒಂದು ಮಂಕು ಇಲಿಯನ್ನು ಹಿಡಿದು ತಿಂದ. ತನ್ನ ಇಡೀ ನೌಕರಿಯಲ್ಲಿ ಅಷ್ಟು ಸುಲಭವಾಗಿ ಸಿಕ್ಕ ಇಲಿ ಅದೊಂದೇ ಇರಬೇಕು. ಆಮೇಲೆ ಹಿಟ್ಟಿನ ಡ್ರಮ್ಮಿನ ಹಿಂದೆ ಸೇರಿಕೊಂಡ, ಕರೆದರೆ ಬರಲಿಲ್ಲ. ಮೂಗಿನಲ್ಲಿ ರಕ್ತ ಒಸರುತ್ತಿತ್ತು. ನನ್ನ ಮಡಿಲಲ್ಲಿಯೇ ಸತ್ತ. ನಾನು ಅತ್ತೆ, ಗಿರಾಕಿಗಳ ಮುಂದೆಯೇ ಅತ್ತೆ, ಅದರಲ್ಲಿ ನನಗೆ ನಾಚಿಕೆ ಇಲ್ಲ. ಈಗ ಇಲಿಗಳು ನನ್ನ ಗಿರಣಿಯನ್ನು ನೋಡಿಕೊಂಡು ಹೋಗಲು ಬರತೊಡಗಿವೆ. ಇಲಿ ನಿಯಂತ್ರಣ ವಿಭಾಗವು ಓಣಿಯ ಒಬ್ಬನೇ ಇಲಿ ನಿಯಂತ್ರಣಾಧಿಕಾರಿಯನ್ನು ಕೊಂದದ್ದನ್ನು ಏನೆಂದು ಕರೆಯಬೇಕು?

ಬೆಕ್ಕಿನ ವಿಷಯಕ್ಕೆ ಬಹಿರಂಗ ಪತ್ರವೇ ಎಂದು ಮಡಚಿಡಬೇಡಿ, ಮುಖ್ಯ ಮಾತು ಇನ್ನು ಮುಂದಿದೆ. ಅದಕ್ಕೆ ಮೊದಲು ಗಿರಣಿಯ ಒಂದು ರೂಢಿ ನಿಮಗೆ ಗೊತ್ತಾಗಬೇಕು. ಒಬ್ಬರ ಕಾಳು ಬೀಸಿ ಮುಗಿದ ಮೇಲೂ ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಅದು ಮುಂದಿನವರ ಹಿಟ್ಟಿಗೆ ಸೇರುತ್ತದೆ. ಆದ್ದರಿಂದಲೇ ಗಿರಾಕಿಗಳು ಡಬ್ಬಿ ಇಡುವಾಗ ಮೊದಲು ಕೇಳುವುದು ಮುಂದೆ ಯಾರದ್ದು, ಏನು ಬೀಸುತ್ತಿದ್ದೀರಿ ಎಂದು. ಜೋಳದ ಮೇಲೆ ಜೋಳ, ಗೋಧಿಯ ಮೇಲೆ ಗೋಧಿ, ಇದು ನಮ್ಮ ಕಾನೂನು. ಜಾತಿ ಕೇಳುವುದನ್ನು ಬಿಟ್ಟವರೂ ಇದನ್ನು ಕೇಳುವುದನ್ನು ಬಿಟ್ಟಿಲ್ಲ.

ಅಂದು ಗೋಧಿಯ ಸರದಿ ನಡೆದಿತ್ತು. ನಮ್ಮ ಓಣಿಯ ಸಕ್ಕುಬಾಯಿ ತನ್ನ ಚೀಲ ತಂದಳು. ಮಗ ಸೊಸೆ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಗಳು ಆರತಿಯನ್ನು ನೋಡಿಕೊಂಡು ಈಕೆ ಮನೆಯಲ್ಲಿರುತ್ತಾಳೆ. ಆಕೆಯ ಹಿಂದೆ ಯಾರದೋ ಮನೆಯ ದೊಡ್ಡ ಸ್ಟೀಲ್ ಡಬ್ಬಿ ಕಾಯುತ್ತಿತ್ತು. ನಾನು ಚೀಲ ಬಿಚ್ಚಿ ಗಿರಣಿಯ ಬಾಯಿಗೆ ಸುರಿದೆ, ಕಲ್ಲು ತಿರುಗತೊಡಗಿತು. ರೂಢಿಯಂತೆ ಕಾಳಿನಲ್ಲಿ ಕೈಯಾಡಿಸಿದರೆ ಅಂಗೈಗೆ ತಿಳಿಗೆಂಪು ಹತ್ತಿತು. ಗೋಧಿಯ ನಡುಗೆರೆಯಲ್ಲಿ ಕೆಂಪು ಉಳಿದಿತ್ತು. ಅದನ್ನು ನಾನು ನೋಡಿದ್ದೆ, ನನ್ನ ಹೊಸ್ತಿಲ ಮೇಲೂ ನೀವು ಇಟ್ಟು ಹೋಗಿದ್ದಿರಲ್ಲ. ಸ್ವಿಚ್ ಆರಿಸಿದೆ.

"ಸಕ್ಕುಬಾಯಿ, ಈ ಗೋಧಿ ಎಲ್ಲಿಂದ ಬಂತು?"

"ಸರಕಾರದವ್ರು ಬಾಗಲಾಗ ಇಟ್ಟು ಹೋಗ್ಯಾರ್ರಿ ಅಕ್ಕಾರ. ಓಣ್ಯಾಗಿನ ಮಂದಿ ತಮಗ ಬ್ಯಾಡ ಅಂದ್ರು, ಎಲ್ಲಾರದೂ ಕೂಡ್ಸಿ ತಂದೀನಿ. ಮನ್ಯಾಗಿನ ಗೋಧೀನೂ ಅದರಾಗ ಕಲಸೀನ್ರಿ."

"ಯಾರಿಗಂತ ಇಟ್ಟಾರ ಅಂತ ಕೇಳಲಿಲ್ಲೇನು?"

"ನಮ್ಮ ಬಾಗಲಾಗ ಇಟ್ರ ನಮಗ ಅಲ್ಲದ ಮತ್ಯಾರಿಗ್ರಿ?"

ಈ ಪ್ರಶ್ನೆಗೆ ಉತ್ತರ ನಿಮ್ಮಲ್ಲಿ ಇದ್ದರೆ ತಿಳಿಸಿ. ಬಣ್ಣ ನೋಡಿದರೂ ಅನುಮಾನ ಬರಲಿಲ್ಲವೇ ಎಂದು ಕೇಳಿದೆ. "ಬಿತ್ತೂ ಬೀಜಕ್ಕ ಹಿಂಗ ಕೆಂಪ ಹಚ್ಚಿರ್ತಾರಲ್ರಿ. ಊರಾಗ ಬಿತ್ತಿ ಉಳದದ್ದನ್ನ ತೊಳದು ಒಣಗ್ಸಿ ಬೀಸ್ಕೊಂಡು ತಿಂದೀವಿ. ಇದನ್ನೂ ಹಂಗ ನೀರಾಗ ತಿಕ್ಕಿ ತಿಕ್ಕಿ ತೊಳದೀನ್ರಿ." ಬಣ್ಣ ಹಚ್ಚಿದ ಬೀಜವನ್ನೂ ತಿನ್ನಬಾರದು, ಅದು ಬೇರೆ ಮಾತು. ಕಾಳು ಚೆಲ್ಲಲು ಮನಸ್ಸು ಬಾರದವರು ಅದನ್ನು ತೊಳೆದು ತಿಂದಿದ್ದಾರೆ. ನಿಮ್ಮ ಕೆಂಪು ಬಣ್ಣ ಹೆದರಿಸಲೆಂದು ಇದ್ದದ್ದು. ನಮ್ಮವರಿಗೆ ಅದು ಹೊಲದ ಗುರುತಾಗಿ ಕಂಡಿತು. ವಿಷ ಇಡುವ ಮೊದಲು ಆ ಹೊಸ್ತಿಲ ಒಳಗಿನ ಜನ ಯಾರು, ಎಲ್ಲಿಂದ ಬಂದವರು ಎಂದು ಒಂದು ಸಲ ಇಣುಕಿ ನೋಡಿದ್ದರೆ ನಿಮಗೇ ಹೊಳೆಯುತ್ತಿತ್ತು.

ಅದು ಇಲಿ ಪಾಷಾಣ ಎಂದು ಹೇಳಿದೆ. ಸಕ್ಕುಬಾಯಿ ತನ್ನ ಎರಡೂ ಕೈ ನೋಡಿಕೊಂಡಳು. "ಅಕ್ಕಾರ, ಆರತಿ ನಿನ್ನಿ ನನ್ನ ಜೋಡಿ ಕುಂತು ಗೋಧ್ಯಾಗಿನ ಹಳ್ಳ-ಕಲ್ಲ ಆರಿಸ್ಯಾಳ್ರಿ."

"ಬಾಯಾಗ ಹಾಕ್ಕೊಂಡಾಳೇನು?"

"ಗೋಧಿ ಸಿಕ್ರ ಹುಡುಗ್ರು ಬಿಡ್ತಾವೇನ್ರಿ? ಮುಕ್ಕಿ ಮುಕ್ಕಿ ಜಗದು, ರಬ್ಬರ್ ಆಗ್ಯದ ನೋಡ ಆಯಿ ಅಂತ ನನಗ ತೋರ್ಸ್ಯಾಳ್ರಿ. ನಾ ನಕ್ಕೆ. ನಕ್ಕೊಂತ ಕುಂತಿದ್ದೆ."

ಹಸಿ ಗೋಧಿಯನ್ನು ಜಗಿದು ಜಗಿದು ಅಂಟು ಮಾಡುವ ಆಟವನ್ನು ನಾನೂ ಆಡಿದ್ದೇನೆ. ಹುಡುಗಿಯನ್ನು ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ನನ್ನ ಹೊಸ್ತಿಲ ಪ್ಯಾಕೆಟ್ಟನ್ನು ಎತ್ತಿಟ್ಟಿದ್ದೆ, ಡಾಕ್ಟರಿಗೆ ಕೊಟ್ಟೆ. ಮೊದಲ ಪರೀಕ್ಷೆಯಲ್ಲಿ ಏನೂ ಇರಲಿಲ್ಲ, ನಮಗೆ ಜೀವ ಬಂದಂತಾಯಿತು. ಈ ವಿಷ ತಡವಾಗಿ ತೋರಿಸಿಕೊಳ್ಳುತ್ತದೆ, ಮತ್ತೆ ಕರೆತನ್ನಿ ಎಂದರು ಡಾಕ್ಟರು. ಎರಡನೇ ಪರೀಕ್ಷೆಯಲ್ಲಿ ತೋರಿಸಿತು. ಸೂಜಿ ಚುಚ್ಚಿದ ಜಾಗದಲ್ಲಿ ಹತ್ತಿ ಒತ್ತಿ ಹಿಡಿದರೂ ರಕ್ತ ನಿಲ್ಲುತ್ತಿರಲಿಲ್ಲ. ಅಂದೇ ಚಿಕಿತ್ಸೆ ಶುರುವಾಯಿತು, ಹುಡುಗಿ ಉಳಿದಳು. ವಾರಗಟ್ಟಲೆ ಗುಳಿಗೆ ನುಂಗಬೇಕು, ಓಡಬಾರದು, ಬೀಳಬಾರದು. ಏಳು ವರ್ಷದವಳಿಗೆ ಓಡಬೇಡ ಎಂದು ಹೇಳಿ ನೋಡಿ. ಅವಳು ಸೀನಿದರೂ ಸಕ್ಕುಬಾಯಿ ಓಡಿ ಬಂದು ಮೂಗು ಒರೆಸಿ, ಸೆರಗನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಆ ನೋಟ ನನ್ನ ಕಣ್ಣಿಂದ ಹೋಗುತ್ತಿಲ್ಲ.

ಇದನ್ನೆಲ್ಲ ಹೇಳಲು ನಿಮ್ಮ ಕಚೇರಿಗೆ ಬಂದೆ. ಎಚ್ಚರಿಕೆ ಓದಿಕೊಳ್ಳಬೇಕಿತ್ತು ಎಂದಿರಿ. ನಾನು ಸುಮ್ಮನಾಗದ್ದನ್ನು ಕಂಡು "ಅಷ್ಟಕ್ಕೂ ಅದನ್ನು ತಿನ್ನಲು ಯಾರು ಹೇಳಿದರು?" ಎಂದಿರಿ. ನಿಜ, ಯಾರೂ ಹೇಳಲಿಲ್ಲ. ತಿನ್ನಬೇಡಿ ಎಂದೂ ಯಾರೂ ಹೇಳಲಿಲ್ಲ. ನಮ್ಮ ಓಣಿಯ ತುದಿಯಲ್ಲಿ ಕೊಳೆಯುತ್ತಿರುವ ಕಸದ ಗುಡ್ಡೆಯನ್ನು, ಮುಚ್ಚಳವಿಲ್ಲದ ಗಟಾರವನ್ನು ತೋರಿಸಿ, ಇಲಿ ಹುಟ್ಟುವುದು ಅಲ್ಲಿ, ಅದನ್ನು ತೆಗೆಸಿ ಎಂದೆ. ಅದು ಬೇರೆ ವಿಭಾಗದ ಕೆಲಸ ಎಂದಿರಿ. ಅಂದರೆ ಇಲಿಗೆ ಊಟ ಹಾಕುವುದು ಒಂದು ವಿಭಾಗ, ವಿಷ ಹಾಕುವುದು ಇನ್ನೊಂದು ವಿಭಾಗ. ಎರಡೂ ದಕ್ಷತೆಯಿಂದ ನಡೆದಿವೆ. ಊಟ ಚೆನ್ನಾಗಿರುವುದರಿಂದ ಇಲಿಗಳು ವಿಷದ ಗೋಧಿಯನ್ನು ಅಷ್ಟಾಗಿ ಮೂಸುತ್ತಿಲ್ಲ, ಅಷ್ಟೆ. ಹೊಟ್ಟೆ ಹಸಿದವರು ಮಾತ್ರ ಮೂಸುತ್ತಾರೆ.

ಸಭೆಗೆ ಹೊತ್ತಾಯಿತು ಎಂದು ನೀವು ಎದ್ದಿರಿ. ಹೊರಗೆ ಬರುವಾಗ ನಿಮ್ಮ ಕೋಣೆಯ ಬಾಗಿಲ ಫಲಕದ ಮೇಲಿನ ಹೆಸರು ಓದಿದೆ. ಎಲ್ಲೋ ನೋಡಿದ ಹೆಸರು ಅನ್ನಿಸಿತು. ಗಿರಣಿಗೆ ಬಂದು ಬೀಗ ತೆಗೆದಾಗ ಗೊತ್ತಾಯಿತು. ಅಂದು ಸಕ್ಕುಬಾಯಿಯ ಹಿಂದೆ ಸರದಿಯಲ್ಲಿ ಕಾಯುತ್ತಿದ್ದ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಅದೇ ಹೆಸರಿದೆ. ತಿಂಗಳು ತಿಂಗಳು ಒಬ್ಬ ಚಾಲಕ ಅದನ್ನು ತಂದಿಡುತ್ತಾನೆ. ಇಟ್ಟ ಮೇಲೆ ನಿಮ್ಮ ಮನೆಯವರು ಫೋನ್ ಮಾಡಿ ತಪ್ಪದೆ ಹೇಳುತ್ತಾರೆ, ನಮ್ಮ ಗೋಧಿ ಗೋಧಿಯ ಮೇಲೆಯೇ ಬೀಳಬೇಕು, ಮನೆಯಲ್ಲಿ ಚಿಕ್ಕ ಮಗು ಇದೆ ಎಂದು.

ಗೋಧಿಯ ಮೇಲೆಯೇ ಬೀಳುವುದಿತ್ತು ಮಾನ್ಯರೇ. ನೀವೇ ಹಂಚಿದ ಗೋಧಿಯ ಮೇಲೆ.

ಅಂದು ನನ್ನ ಅಂಗೈಗೆ ಬಣ್ಣ ಹತ್ತದೆ ಹೋಗಿದ್ದರೆ ನಿಮ್ಮ ಮನೆಯ ಮಗುವಿನ ಚಪಾತಿಯಲ್ಲಿ ಏನಿರುತ್ತಿತ್ತು ಎಂದು ಯೋಚಿಸಿ ನೋಡಿ. ನಿಮ್ಮ ಮೇಲಿನ ಸಿಟ್ಟಿಗೂ ಆ ಮಗುವಿಗೂ ಸಂಬಂಧವಿಲ್ಲ. ಗಿರಣಿಯ ಕಲ್ಲು ಬಿಚ್ಚಿಸಿ ಹೊಸದಾಗಿ ಕಟೆಸಿದೆ, ಬಟ್ಟೆಯ ಚೀಲ ಬದಲಿಸಿದೆ, ಅಷ್ಟು ದಿನ ಗಿರಣಿ ಮುಚ್ಚಿತ್ತು. ನಿಮ್ಮ ಚಾಲಕ ಡಬ್ಬಿ ಕೇಳಿಕೊಂಡು ಬಂದು ಬಂದು ಬರಿಗೈಯಲ್ಲಿ ಹೋಗಿದ್ದಾನೆ. ಅವನದೇನೂ ತಪ್ಪಿಲ್ಲ, ಆದರೆ ಅವನ ಕೈಗೆ ನಾನು ಕೊಡುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಸೋಮವಾರದ ವಿಷ ಹಂಚಿಕೆ ನಿಲ್ಲಲಿ. ಆ ಗಾಡಿಗಳಲ್ಲಿ ಕಸ ಹೇರಿಕೊಂಡು ಹೋಗಿ, ಗಟಾರಕ್ಕೆ ಮುಚ್ಚಳ ಹಾಕಿಸಿ, ಮನೆಗಳ ಬಿಲ ಮುಚ್ಚಲು ಜಾಳಿಗೆ, ಸಿಮೆಂಟ್ ಕೊಡಿ, ಉಳಿದದ್ದನ್ನು ನಾವೇ ಮಾಡಿಕೊಳ್ಳುತ್ತೇವೆ. ಅದಕ್ಕೂ ಮೊದಲು ನೀವೊಮ್ಮೆ ನಮ್ಮ ಓಣಿಗೆ ಬರಬೇಕು, ಮಾಸ್ಕು, ಕೈಗವಸು, ಫೋಟೋದವರು ಇಲ್ಲದೆ. ಸಕ್ಕುಬಾಯಿಯ ಹೊಸ್ತಿಲ ಮುಂದೆ ನಿಂತು, ಇಲ್ಲಿ ಇಟ್ಟದ್ದು ನಿಮಗಾಗಿ ಇಟ್ಟದ್ದಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಬೇಕು. ಹೇಳಿ ಬಂದ ದಿನ ನಿಮ್ಮ ಗೋಧಿಯನ್ನು ನಾನೇ ನಿಂತು ಬೀಸಿಕೊಡುತ್ತೇನೆ. ಸರದಿಯಲ್ಲಿ ನಿಮ್ಮ ಮುಂದೆ ಸಕ್ಕುಬಾಯಿಯ ಗೋಧಿ ಇರುತ್ತದೆ, ಅಂಗಡಿಯಿಂದ ತಂದ ಒಳ್ಳೆಯ ಗೋಧಿ. ಅದರ ಮೇಲೆ ನಿಮ್ಮದು.

ಇಂತಿ,
ಬೆಕ್ಕನ್ನು ಕಳೆದುಕೊಂಡು ಇಲಿಗಳನ್ನು ಉಳಿಸಿಕೊಂಡಿರುವ,
ನಿಮ್ಮ ಮನೆಯ ಡಬ್ಬಿಯನ್ನು ಇನ್ನೂ ಕಾಯುತ್ತಿರುವ,
ಗಿರಣಿಯ ಭುವನೇಶ್ವರಿ
ಯೆರವಡಾ, ಪುಣೆ