ಬಸ್ ಸ್ಟಾಪಿನಲ್ಲಿ ನಿಂತವಳು

ಶನಿವಾರ, ಮಧ್ಯಾಹ್ನ

ನನ್ನ ಪಿಟೀಲೇ,

ಮಗುವಾಗಿದ್ದಾಗ ಹಗಲೆಲ್ಲ ಕುಂಯ್ ಕುಂಯ್ ಎನ್ನುತ್ತಿದ್ದೆ ಎಂದು ನಿಮ್ಮಪ್ಪ ಇಟ್ಟ ಹೆಸರು ಇದು. ಹಾಗೆ ಕರೆಯಲು ನಿನಗೇನು ಹಕ್ಕಿದೆ ಎಂದು ನೀನು ಕೇಳಬಹುದು. ಕೇಳು. ಆದರೆ ಕಾಗದ ಹರಿಯಬೇಡ, ಕೊನೆಯವರೆಗೂ ಓದು. ಒಂಬತ್ತು ಸಲ ಫೋನ್ ಮಾಡಿದೆ, ಒಂಬತ್ತು ಸಲವೂ ನೀನು ಕಟ್ ಮಾಡಿದೆ. ಅದಕ್ಕೇ ಈ ಕೊರಿಯರ್.

ಬರುವ ಗುರುವಾರ ಅಪ್ಪನಿಗೆ ಹೃದಯದ ಆಪರೇಷನ್, ಬುಧವಾರವೇ ಆಸ್ಪತ್ರೆಗೆ ಸೇರಿಸಬೇಕು. ಡಾಕ್ಟರು ಅವರೆದುರು ನಗುನಗುತ್ತಾ ಮಾತಾಡಿ, ಆಮೇಲೆ ನನ್ನನ್ನು ಹೊರಗೆ ಕರೆದು, ಬರಬೇಕಾದವರು ಯಾರಾದರೂ ಇದ್ದರೆ ಮೊದಲೇ ಬಂದು ಹೋಗಲಿ ಅಂದರು. ಬರಬೇಕಾದವಳು ನೀನೊಬ್ಬಳೇ. ನೀನು ಬಂದರೂ ಅವರು ನಿನ್ನನ್ನು ನೋಡಲಾರರು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತಿಂದುಹಾಕಿ ಒಂದೂವರೆ ವರ್ಷವಾಯಿತು. ಅರ್ಧ ಪೇಟೆಯ ಅಂಗಡಿಗಳಿಗೆ ಬೋರ್ಡು ಬರೆದ ಮನುಷ್ಯ ಈಗ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಾರೆ.

ನಿಮ್ಮಿಬ್ಬರ ಗೊಂಬೆ ಬೀದಿ ಮಾತ್ರ ಆ ಮೇಜಿನ ಮೇಲೆ ಹಾಗೇ ಇದೆ. ಸಂಜೆಯಾದರೆ ಸಾಕು, ನೀವಿಬ್ಬರೂ ಅಲ್ಲಿ ಅಂಟಿಕೊಂಡು ಕೂತು ಹೆಬ್ಬೆರಳುದ್ದದ ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದಿರಿ. ಚಹಾ ತಂದಿಡುವುದು, ದೀಪ ವಾಲಿಸಿ ಹಿಡಿಯುವುದು, ಇಷ್ಟೇ ನನ್ನ ಪಾಲು. ನೀನು ಹೋದ ಮೇಲೆ ನಿನ್ನ ಕುರ್ಚಿಯಲ್ಲಿ ನಾನು ಕೂತೆ. ಕುಂಚ ಹಿಡಿಯುವುದನ್ನು ಕಲಿತೆ. ಮೊದಲು ಬಣ್ಣ ಹಚ್ಚಿದ ಮೇಕೆಗಳು ನಾಯಿಗಳ ಹಾಗೆ ಕಂಡವು. ಇರಲಿ ಬಿಡೇ, ಬೀದಿಗೆ ಕಾವಲಾಯ್ತು ಅಂತ ಅಪ್ಪ ನಕ್ಕರು. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನಾನು ಖುಷಿಯಾಗಿದ್ದೆ.

ಈಗ ಅವರು ದಿನಾ ಬೆಳಿಗ್ಗೆ ಬೆರಳಿನಲ್ಲೇ ಆ ಬೀದಿ ಸುತ್ತುತ್ತಾರೆ. ಕ್ಷೌರದಂಗಡಿ, ಕೊಡೆ ರಿಪೇರಿಯವನು, ಕಿವಿ ಮುರಿದ ನಾಯಿ, ನನ್ನ ಮೇಕೆಗಳು, ಕೊನೆಗೆ ಬಸ್ ಸ್ಟಾಪು. ಅಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಗಲ್ಲ ಎತ್ತಿ ನಿಂತವಳು ನೀನು. ನಿನಗೆ ಹನ್ನೆರಡು ತುಂಬಿದಾಗ ಅವರೇ ಮಾಡಿದ ಗೊಂಬೆ. ಮೊನ್ನೆಮೊನ್ನೆಯವರೆಗೂ ಅದರ ಮೂಗು, ಗಲ್ಲದ ಮೇಲೆ ಬೆರಳಾಡಿಸಿ, ಆಮೇಲೆ ತಿಂಡಿಗೆ ಏಳುತ್ತಿದ್ದರು.

ಈ ನಾಲ್ಕು ವರ್ಷಗಳಲ್ಲಿ ಆ ಗೊಂಬೆಯ ಮುಖ ನನಗೆ ಸರಿಬರಲೇ ಇಲ್ಲ. ಈಗ ನೀನು ದಪ್ಪಗಾಗಿದ್ದೀಯೋ, ಸೊರಗಿದ್ದೀಯೋ, ಯಾರಿಗೆ ಗೊತ್ತು. ನಿನ್ನ ನೆನಪಾದಾಗಲೆಲ್ಲ ಹಳೆಯ ಬಣ್ಣದ ಮೇಲೇ ಹೊಸದು ಬಳಿದೆ. ಬಣ್ಣ ಹಾಲಿನಷ್ಟು ತೆಳ್ಳಗಿರಬೇಕು, ಇಲ್ಲದಿದ್ದರೆ ಕಣ್ಣು ಮೂಗೆಲ್ಲ ಮುಚ್ಚಿಹೋಗುತ್ತದೆ ಎಂದು ಅಪ್ಪ ನಿನಗೆ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿದ್ದಿತ್ತು, ಕೈಗೆ ಮಾತ್ರ ಬರಲಿಲ್ಲ. ಹೋದ ಸೋಮವಾರ ಡಾಕ್ಟರ ಮಾತು ಕೇಳಿ ಬಂದವಳು ಇನ್ನೊಂದು ಸಲ ಬಳಿದೆ. ಮಂಗಳವಾರ ಬೆಳಿಗ್ಗೆ ಅವರ ಬೆರಳು ನಿನ್ನ ಹತ್ತಿರ ಬಂದು ನಿಂತುಬಿಟ್ಟಿತು. ಇವಳ ಮೂಗೆಲ್ಲಿ ಹೋಯ್ತು, ಇದು ನಮ್ಮ ಹುಡುಗಿ ಅಲ್ಲ, ಯಾರನ್ನ ತಂದು ನಿಲ್ಲಿಸಿದ್ದೀಯ ಅಂತ ಕೇಳಿದರು. ಆಮೇಲೆ ಅತ್ತರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಬಣ್ಣ ಬಿಡಿಸಿ ಕೊಡ್ತೀನಿ ಇರಿ ಅಂದೆ. ಮೇಕೆಗಳ ಬಣ್ಣ ಕೆಟ್ಟರೆ ಥಿನ್ನರಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕುತ್ತಿದ್ದೆ, ಒಳಗಿನ ಸೀಸ ಹೊಸದರಂತೆ ಹೊರಬರುತ್ತಿತ್ತು. ನಿನ್ನನ್ನೂ ಹಾಗೇ ನೆನೆಹಾಕಿದೆ. ಉಳಿದ ಗೊಂಬೆಗಳೆಲ್ಲ ಅಂಗಡಿಯಿಂದ ತಂದ ಸೀಸದವು, ನೀನೊಬ್ಬಳು ಮಾತ್ರ ಬೋರ್ಡಿನ ತೂತು ಮುಚ್ಚುವ ಪುಟ್ಟಿಯವಳು ಎಂದು ನನಗೆ ಗೊತ್ತಿರಲಿಲ್ಲ. ಆ ಮೇಜಿನ ಮಾತನ್ನು ನೀವಿಬ್ಬರೂ ನನ್ನ ಹತ್ತಿರ ಆಡಿದ್ದು ಯಾವಾಗ? ಬ್ರಷ್ಷು ತಾಗಿದ್ದೇ ತಡ, ಬಣ್ಣದ ಜೊತೆ ಮುಖವೂ ಕಳಚಿ ಬಂತು. ಬಟ್ಟಲಿನ ತಳದಲ್ಲಿ ಬರೀ ರಾಡಿ.

ನಾಲ್ಕು ದಿನದಿಂದ, ಹೊಸ ಬಣ್ಣ ಹಚ್ಚಿದ್ದೀನಿ, ಒಣಗ್ತಾ ಇದೆ ಅಂತ ಹೇಳುತ್ತಿದ್ದೇನೆ. ಬಣ್ಣದಲ್ಲೇ ಜೀವಮಾನ ಕಳೆದವರಿಗೆ ಅದು ಒಣಗಲು ಎಷ್ಟು ಹೊತ್ತು ಬೇಕೆಂದು ತಿಳಿಯದೇ? ಆದರೂ ನನ್ನನ್ನು ಬೈಯಲಿಲ್ಲ. ಇವತ್ತು ಬೆಳಿಗ್ಗೆ ಆ ಖಾಲಿ ಜಾಗದ ಮೇಲೆ ಬೆರಳಿಟ್ಟುಕೊಂಡು, ಗುರುವಾರದೊಳಗೆ ಒಣಗುತ್ತದೇನೇ ಅಂತ ಕೇಳಿದರು. ನಾನು ಒಳಗೆ ಹೋಗಿ ನಲ್ಲಿ ತಿರುಗಿಸಿ ನಿಂತುಕೊಂಡೆ.

ಪುಟ್ಟಿ ತಂದು ನಾನೇ ಮಾಡಿ ನೋಡಿದೆ. ಮೂರು ಸಲ. ಒಂದಕ್ಕೂ ನಿನ್ನ ಗಲ್ಲ ಬರಲಿಲ್ಲ. ಇನ್ನು ಅವರಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ ಮಗಳೇ. ನೀನೇ ಬರಬೇಕು. ಬಂದು ಅವರ ಕೈ ಹಿಡಿದು ನಿನ್ನ ಮುಖದ ಮೇಲೆ ಇಟ್ಟುಕೋ, ಅಷ್ಟು ಸಾಕು. ಅಳಿಯಂದಿರನ್ನೂ ಕರೆದುಕೊಂಡು ಬಾ. ನೀನು ರಿಜಿಸ್ಟರ್ ಮದುವೆಯಾದಾಗ ಅಪ್ಪ ಹೊಸಿಲು ತುಳಿಯಬೇಡ ಅಂದದ್ದು ಕೋಪದ ಭರದಲ್ಲಿ ಬಂದ ಮಾತು, ಈಗ ಅವರ ಮನಸ್ಸಿನಲ್ಲಿ ಅದೇನೂ ಇಲ್ಲ. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ. ನೀನು ಇರುವಷ್ಟು ಹೊತ್ತು ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿರುತ್ತೇನೆ.

ನಿನ್ನ ದಾರಿ ಕಾಯುತ್ತಿರುವ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಹೊಸಿಲು ತುಳಿಯಬೇಡ ಅನ್ನುವ ಮಾತು ಅಪ್ಪನದಲ್ಲ, ನನ್ನದು. ಮದುವೆಯಾಗಿ ಮೂರನೇ ದಿನ ನೀನು ಫೋನ್ ಮಾಡಿದಾಗ ಅವರು ಆ ಮೇಜಿನ ಹತ್ತಿರವೇ ಇದ್ದರು, ನಿನಗಾಗಿ ಎರಡು ಕುಂಚ ತೊಳೆದಿಟ್ಟು. ನಿಮ್ಮಪ್ಪನಿಗೆ ನಿನ್ನ ಮುಖ ನೋಡೋದು ಬೇಡವಂತೆ, ಹೊಸಿಲು ತುಳಿಯಬೇಡ ಅಂತಿದ್ದಾರೆ ಅಂತ ನಿನಗೆ ಪಿಸುಗುಟ್ಟಿ ಫೋನ್ ಇಟ್ಟೆ. ಯಾರೇ ಅದು, ಪಿಟೀಲಾ ಅಂತ ಅವರು ಕೇಳಿದರು. ರಾಂಗ್ ನಂಬರ್ ಅಂದೆ. ಆಮೇಲೆ ಹೋಗಿ ನಿನ್ನ ಕುರ್ಚಿಯಲ್ಲಿ ಕೂತೆ. ಇವತ್ತಿಗೂ ಫೋನ್ ರಿಂಗಾದರೆ ಅವರು ಅದನ್ನೇ ಕೇಳುತ್ತಾರೆ.