ಯಾರ ಲಿಫ್ಟ್ ಮೊದಲು?

ಪಂಪ್‌ವೆಲ್, ಮಂಗಳೂರು
28-6-2025, ಶನಿವಾರ

ಪ್ರೀತಿಯ ಅಕ್ಷಿತಾ,

ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತೇ? ವಾರ್ಡಿನಲ್ಲಿ ಇಡೀ ದಿನ ನಿಂತೇ ಇರಬೇಡ, ಸ್ವಲ್ಪ ಬಿಡುವು ಸಿಕ್ಕಿದರೂ ಕುಳಿತುಕೋ. ಇಲ್ಲಿ ನಾವು ಮೂವರೂ ಆರಾಮ. ಅಮ್ಮನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಆದರೂ ನನ್ನ ಕಣ್ಣು ತಪ್ಪಿಸಿ ಹಲಸಿನ ಹಣ್ಣು ತಿನ್ನುತ್ತಾರೆ. ನಿನ್ನ ಮಗಳು ದೀಕ್ಷಿತಾಳ ಮುಂದಿನ ಹಲ್ಲು ಬಿದ್ದಿದೆ. ಮಾತಾಡಿದರೆ ಗಾಳಿ ಹೋಗುತ್ತದೆಂದು ಶಾಲೆಯಲ್ಲಿ ಬಾಯಿಯೇ ತೆರೆಯುವುದಿಲ್ಲವಂತೆ. ವಾಟ್ಸಾಪ್ ಬಿಟ್ಟು ಕಾಗದ ಯಾಕೆಂದು ನಗಬೇಡ. ಫೋನ್ ಕೈಗೆತ್ತಿಕೊಂಡರೆ ಆಫೀಸಿನ ಕಾಲ್ ಬರುತ್ತದೆ, ಹೇಳಲು ಹೊರಟದ್ದು ಅರ್ಧಕ್ಕೇ ನಿಲ್ಲುತ್ತದೆ. ಕೆಳಗಿನ ಮನೆಯ ರೇಮಂಡ್ ಇವತ್ತು ಮಸ್ಕತ್ತಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಇದನ್ನೂ ಅಮ್ಮ ಹಾಕಿದ ಉಪ್ಪಿನಕಾಯಿಯನ್ನೂ ಕಳಿಸುತ್ತಿದ್ದೇನೆ.

ಕಳೆದ ತಿಂಗಳು ಲಿಫ್ಟ್ ಕಂಪನಿಯವರು ನನ್ನ ಕೈಯಿಂದ ಟೂಲ್ ಬ್ಯಾಗ್ ತೆಗೆದುಕೊಂಡು ಮೇಜಿನ ಮುಂದೆ ಕೂರಿಸಿದ್ದು ನಿನಗೆ ಗೊತ್ತೇ ಇದೆ. ಲಿಫ್ಟ್ ಕೆಟ್ಟಿದೆಯೆಂದು ಊರೆಲ್ಲ ಫೋನ್ ಮಾಡುತ್ತದೆ, ಯಾವ ಮೆಕ್ಯಾನಿಕ್ ಎಲ್ಲಿಗೆ ಮೊದಲು ಹೋಗಬೇಕೆಂದು ನಾನು ಹೇಳಬೇಕು. ಮ್ಯಾನೇಜರ್ ಶೋಭಿತ್ ನನಗಿಂತ ಸಣ್ಣ ಪ್ರಾಯದವರು, ಕೆಟ್ಟವರಲ್ಲ. ಸಮಯ ಹೇಗೆ ನಿಭಾಯಿಸಬೇಕೆಂದು ಕಲಿಯಲು ನನ್ನನ್ನು ದೊಡ್ಡ ಹೋಟೆಲಿನ ತರಬೇತಿಗೆ ಕಳಿಸಿದರು. ಅಲ್ಲಿ ಕಾಗದದ ಮೇಲೆ ನಾಲ್ಕು ಚೌಕ ಹಾಕಿಸಿದರು. ತುರ್ತಿನದು ಯಾವುದು, ಮುಖ್ಯವಾದದ್ದು ಯಾವುದು, ಬೇರೆಯವರಿಗೆ ಒಪ್ಪಿಸಬಹುದಾದದ್ದು ಯಾವುದು, ಆಮೇಲೆ ಮಾಡಿದರೂ ನಡೆಯುವುದು ಯಾವುದು, ಒಂದೊಂದನ್ನೂ ಅದರದರ ಚೌಕಕ್ಕೆ ಹಾಕಿಬಿಟ್ಟರೆ ತಲೆಬಿಸಿಯೇ ಇಲ್ಲವಂತೆ. ಇಷ್ಟು ಸುಲಭದ ವಿಷಯ ತಿಳಿಯದೆ ಇಷ್ಟು ವರ್ಷ ಸುಮ್ಮನೆ ಓಡಾಡಿದೆನಲ್ಲ ಎನಿಸಿತು. ಸಂತೋಷದಲ್ಲಿ ಊಟದ ಐಸ್‌ಕ್ರೀಮನ್ನು ಎರಡು ಸಲ ತಿಂದೆ.

ಆಮೇಲೆ ಆ ಗುಡುಗು ಮಳೆಯ ದಿನ ಬಂತು. ಬೆಳಿಗ್ಗೆಯೇ ಕರೆಂಟ್ ಹೋಗಿ ಬಂದು ಹೋಗಿ ಬಂದು, ಅರ್ಧ ಮಂಗಳೂರಿನ ಲಿಫ್ಟುಗಳು ನಿಂತವು. ಒಳಗೆ ಜನ ಸಿಕ್ಕಿಹಾಕಿಕೊಂಡಿದ್ದ ಕಡೆಗೆ ಮೊದಲು ಕಳಿಸಿದೆ, ಅದರಲ್ಲಿ ಗೊಂದಲವಿರಲಿಲ್ಲ. ಉಳಿದದ್ದರಲ್ಲಿ ನಂತೂರಿನ ಹತ್ತಿರದ ಒಂದು ಮದುವೆ ಹಾಲ್ ಇತ್ತು. ಮೇಲಿನ ಮಹಡಿಯಲ್ಲಿ ಮದುವೆಯ ಊಟ, ಕೆಳಗೆ ಸೀರೆ ಎತ್ತಿ ಹಿಡಿದು ನಿಂತ ನೆಂಟರು. ಹಾಲ್‌ನ ಮಾಲೀಕ ಚಿತ್ತರಂಜನ ಶೆಟ್ಟರು ನನಗೆ, ಶೋಭಿತರಿಗೆ, ಮತ್ತೆ ನನಗೆ ಫೋನ್ ಮಾಡಿ ಬೈದರು. ಅದೇ ಹೊತ್ತಿಗೆ ಜೆಪ್ಪುವಿನ ಹಳೆಯ ಅಪಾರ್ಟ್‌ಮೆಂಟಿನಿಂದ ರೊಸಾಲಿನ್ ಬಾಯಿ ಎಂಬ ವಯಸ್ಸಾದ ಹೆಂಗಸಿನ ಫೋನ್. "ಒಳಗೆ ಯಾರಾದರೂ ಇದ್ದಾರಾ?" ಎಂದು ಕೇಳಿದೆ. "ಇಲ್ಲ ಮಗಾ, ಲಿಫ್ಟ್ ಖಾಲಿ ಉಂಟು. ನಿಮಗೆ ಆಗುವಾಗ ಬನ್ನಿ" ಎಂದರು. ಪಾಪ, ಎಷ್ಟು ಒಳ್ಳೆಯವರು ಎಂದುಕೊಂಡು ಅವರನ್ನು ಕೊನೆಯ ಚೌಕಕ್ಕೆ ಹಾಕಿದೆ. ಮೆಕ್ಯಾನಿಕ್ ಆಲ್ವಿನ್ ನಂತೂರಿಗೆ ಹೋದ.

ಸಂಜೆಯಾದರೂ ಜೆಪ್ಪುವಿಗೆ ಹೋಗಲು ಯಾರಿಗೂ ಬಿಡುವಾಗಲಿಲ್ಲ. ಹೇಗೂ ನನ್ನ ದಾರಿಯೇ ಎಂದು ಆಫೀಸಿನಲ್ಲಿದ್ದ ಒಂದು ಟೂಲ್ ಬ್ಯಾಗ್ ಹಿಡಿದು ನಾನೇ ಹೋದೆ. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಒಬ್ಬರು ಮುದುಕರು ವೀಲ್‌ಚೇರಿನಲ್ಲಿ ಕುಳಿತಿದ್ದರು, ಪಕ್ಕದಲ್ಲಿ ರೊಸಾಲಿನ್ ಬಾಯಿ ಕೊಡೆ ಹಿಡಿದು ನಿಂತಿದ್ದರು. ಅವರ ಗಂಡ. ಸೊಂಟದ ಆಪರೇಷನ್ ಮುಗಿದು ಮಧ್ಯಾಹ್ನ ಆಸ್ಪತ್ರೆಯಿಂದ ಬಂದವರು. ಆಂಬ್ಯುಲೆನ್ಸ್ ಇಳಿಸಿ ಹೋಗಿದೆ, ಮನೆ ನಾಲ್ಕನೇ ಮಾಳಿಗೆ, ಆ ಮೆಟ್ಟಿಲಿನ ತಿರುವಿನಲ್ಲಿ ಹೊತ್ತುಕೊಂಡು ಹೋಗುವಂತೆಯೇ ಇಲ್ಲ. ನನ್ನನ್ನು ನೋಡಿದ್ದೇ ಮುದುಕರು ರೇಗಿದರು. "ಬಾತ್‌ರೂಮಿಗೆ ಹೋಗದೆ ಎಷ್ಟು ಹೊತ್ತಾಯ್ತು ಗೊತ್ತುಂಟಾ ನಿಮಗೆ?"

ಬಾಗಿಲಿನ ಲಾಕಿಗೆ ಮಳೆಯ ತೇವ ಹಿಡಿದಿತ್ತು, ಅಷ್ಟೇ. ಒರೆಸಿ ಒಣಗಿಸಿದ್ದೇ ಲಿಫ್ಟ್ ಎದ್ದಿತು. ಅವರನ್ನು ಒಳಗೆ ತಳ್ಳುವಾಗ ಕಾಲ ಮೇಲಿನ ಬೆಡ್‌ಶೀಟ್ ಒದ್ದೆಯಾಗಿರುವುದು ನನ್ನ ಕೈಗೆ ತಾಗಿತು. ರೊಸಾಲಿನ್ ಬಾಯಿ ಥಟ್ಟನೆ, "ಮಳೆ ನೀರು ಹಾರಿದ್ದು" ಎಂದರು. "ಹೌದು ಬಾಯಿ, ಜೋರು ಮಳೆ ಅಲ್ವಾ" ಎಂದೆ. ಮುದುಕರು ಗೋಡೆಯ ಕಡೆಗೇ ಮುಖ ಮಾಡಿದ್ದರು. ಮೇಲೆ ತಲುಪಿದ ಮೇಲೆ, "ಫೋನಿನಲ್ಲಿ ಒಂದು ಮಾತು ಹೇಳಬಾರದಿತ್ತಾ?" ಎಂದು ಮೆಲ್ಲ ಕೇಳಿದೆ. "ನೀವು ಕೇಳಿದ್ದು ಒಳಗೆ ಯಾರಿದ್ದಾರೆ ಅಂತ. ಒಳಗೆ ಯಾರೂ ಇರ್ಲಿಲ್ಲ ಅಲ್ವಾ?" ಎಂದರು.

ಸೋಮವಾರ ಮೀಟಿಂಗಿನಲ್ಲಿ ಶೋಭಿತ್ ಎಲ್ಲರ ಎದುರು ನನ್ನನ್ನು ಹೊಗಳಿದರು. ಶೆಟ್ಟರು ಖುಷಿಯಾಗಿದ್ದಾರಂತೆ. ಜೆಪ್ಪುವಿನದನ್ನು ನಾನೇ ಹೇಳಿದೆ. "ಅದು ರೂಲ್ಸ್ ಪ್ರಕಾರವೇ ಆಗಿದೆ ಮಾರಾಯ್ರೆ, ನೀವ್ಯಾಕೆ ತಲೆಬಿಸಿ ಮಾಡ್ತೀರಿ?" ಎಂದರು. ಅಂದಿನಿಂದ ಪ್ರತಿ ಫೋನಿಗೂ "ಲಿಫ್ಟಿಗಾಗಿ ಯಾರು ಕಾಯ್ತಿದ್ದಾರೆ?" ಎಂದು ಕೇಳುತ್ತಿದ್ದೇನೆ. ಸರಿಹೋಗಬಹುದು ಎಂದುಕೊಂಡಿದ್ದೆ, ಈಗ ಇನ್ನೂ ಗೋಜಲು. ಒಬ್ಬರಿಗೆ ಗರ್ಭಿಣಿ ಮಗಳು, ಒಬ್ಬರಿಗೆ ಪರೀಕ್ಷೆಗೆ ಹೊರಟ ಹುಡುಗ, ಒಬ್ಬರಿಗೆ ಮೇಲೇರಬೇಕಾದ ಫ್ರಿಜ್. ಹೇಳುವವರೆಲ್ಲ ನಿಜ ಹೇಳುತ್ತಾರೋ ಇಲ್ಲವೋ ಅದೂ ತಿಳಿಯದು. ಮೊದಲ ಚೌಕ ತುಂಬಿ ತುಳುಕುತ್ತಿದೆ, ಉಳಿದ ಮೂರು ಖಾಲಿ. ಮಾತು ಉದ್ದವಾಗಿ ಮುಂದಿನವರ ಫೋನ್ ತಪ್ಪುತ್ತದೆಂದು ಶೋಭಿತ್ ಗೊಣಗುತ್ತಾರೆ. ಅವರು ಹೇಳುವುದೂ ಸುಳ್ಳಲ್ಲ. ನಾನು ಮಾಡುತ್ತಿರುವುದು ಸರಿಯೋ ತಪ್ಪೋ ನನಗಂತೂ ಗೊತ್ತಾಗುವುದಿಲ್ಲ, ಆದರೆ ಕೇಳದೆ ಇರಲಿಕ್ಕೂ ಆಗುವುದಿಲ್ಲ.

ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ದೀಕ್ಷಿತಾ ಬಿದ್ದ ಹಲ್ಲನ್ನೇ ಲಕೋಟೆಗೆ ಹಾಕಲು ಹೊರಟಿದ್ದಳು, ಬೇಡವೆಂದು ಒಂದು ಮುತ್ತು ಮಾತ್ರ ತೆಗೆದುಕೊಂಡಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ರೂಪೇಶ

ತಾ.ಕ.: ರೇಮಂಡ್ ಬಾಗಿಲಲ್ಲೇ ನಿಂತಿದ್ದಾರೆ. ಆಸ್ಪತ್ರೆಯವರು ಇನ್ನೆರಡು ವರ್ಷ ಇರಲು ಕೇಳಿದ್ದಾರೆ, ಸೈನ್ ಮಾಡಲೇ ಎಂದು ನೀನು ಕೇಳಿದಾಗ "ನಿನಗೆ ಸರಿ ಕಂಡ ಹಾಗೆ ಮಾಡು" ಎಂದಿದ್ದೆನಲ್ಲ, ಅದು ನನ್ನ ಮನಸ್ಸಿನ ಮಾತಲ್ಲ. ಮುಂದೆ ಹೇಗೆಂದು ಗೊತ್ತಿಲ್ಲ, ಲೆಕ್ಕ ಹಾಕಿಲ್ಲ. ಸೈನ್ ಮಾಡಬೇಡ. ಬಾ.